ಹಲ್ಲು ಬೆಳ್ಳಗೆ ಮಾಡುತ್ತಿದ್ದ ಗುಲ್ನಾಜ್

ಕುರುಗೋಡಿನ ಬಸ್ ಸ್ಟ್ಯಾಂಡಿನ ಹತ್ತಿರ, ರಸಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಗುಲ್ನಾಜಳ ಬ್ಯೂಟಿ ಪಾರ್ಲರ್ ಇದೆ. ಮೆಟ್ಟಿಲು ಬಹಳ ಕಡಿದು. ಹಿಡಿದುಕೊಳ್ಳಲಿಕ್ಕೆಂದು ಗೋಡೆಗುಂಟ ನೈಲಾನ್ ಹಗ್ಗ ಕಟ್ಟಿಸಿದ್ದಾಳೆ. ಹದಿಮೂರು ವರ್ಷಗಳಿಂದ ಸುತ್ತಲಿನ ಹಳ್ಳಿಗಳ ಮದುಮಕ್ಕಳು ಆ ಹಗ್ಗ ಹಿಡಿದೇ ಮೇಲೆ ಹತ್ತಿದ್ದಾರೆ. ಹುಬ್ಬು ತೀಡುವುದು, ಮುಖಕ್ಕೆ ಫೇಶಿಯಲ್ ಮಾಡುವುದು, ಮೆಹಂದಿ ಹಾಕುವುದು, ರೇಷ್ಮೆ ಸೀರೆಯ ನೆರಿಗೆಗಳನ್ನು ಮಿಸುಕದಂತೆ ಪಿನ್ನು ಹಾಕಿ ನಿಲ್ಲಿಸುವುದು, ಎಲ್ಲವೂ ಅವಳದೇ ಕೈ. ಗಂಡ ಶಾಕೀರ್ ಕುಡತಿನಿಯಲ್ಲಿ ಗುತ್ತಿಗೆದಾರನೊಬ್ಬನ ಹತ್ತಿರ ವೆಲ್ಡರ್. ಮನೆಗೆ ಬರುವ ಹೊತ್ತಿಗೆ ದಣಿದಿರುತ್ತಾನೆ, ಮಾತು ಕಮ್ಮಿ. ಹೀಗಾಗಿ ಗುಲ್ನಾಜಳ ಸುಖದುಃಖಕ್ಕೆ ಕಿವಿಗೊಡುತ್ತಿದ್ದವರು ಅವಳ ತಂದೆ ಪೀರಸಾಬ್.

ಪೀರಸಾಬರು ಒಂದು ಕಾಲದಲ್ಲಿ ಹಲ್ಲುಪುಡಿ ಮಾರುತ್ತಿದ್ದವರು. ಬಾದಾಮಿ ಸಿಪ್ಪೆ ಸುಟ್ಟು, ಜಾಲಿ ತೊಗಟೆ, ಲವಂಗ, ಉಪ್ಪು ಸೇರಿಸಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡು ಸಿರುಗುಪ್ಪ, ತೆಕ್ಕಲಕೋಟೆಯ ಸಂತೆಗಳಿಗೆ ಹೋಗುತ್ತಿದ್ದರು. ಹೆಂಡತಿ ಫಕೀರಬಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ನಿಂತರು. ಮಗಳು ಹೊಸ ಯಂತ್ರವೊಂದನ್ನು ತಂದು ಮನೆಯ ಕಟ್ಟೆಯ ಮೇಲೆ ಬಿಚ್ಚಿ ತೋರಿಸಿದ ದಿನ ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದು ಏನು ಮಾಡ್ತೈತಿ?"

"ಹಲ್ಲು ಬೆಳ್ಳಗ ಮಾಡ್ತೈತಪ್ಪಾ. ಮೊದಲ ಜೆಲ್ ಹಚ್ಚೋದು, ಆಮ್ಯಾಲೆ ಈ ನೀಲಿ ಬೆಳಕು ಬಿಡೋದು. ಒಂದ ತಾಸಿನ ಕೆಲಸ."

"ಹಚ್ಚೋರು ಯಾರು?"

"ನಾನ."

ಪೀರಸಾಬರು ಕನ್ನಡಕ ತೆಗೆದರು. "ನಾನೂ ಮೂವತ್ತು ವರ್ಷ ಹಲ್ಲಿಂದ ಅನ್ನ ತಿಂದೀನವ್ವಾ. ಆದ್ರ ಪುಡಿ ಅವರ ಕೈಯಾಗ ಇಟ್ಟು ಬರ್ತಿದ್ದೆ. ಅವರ ಬಾಯಾಗ ಅವರ ಬೆರಳ ಹೋಗ್ತಿತ್ತು, ನಂದಲ್ಲ."

ಗುಲ್ನಾಜ್ ನಕ್ಕು ಯಂತ್ರವನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ಅವಳಿಗೂ ಅನುಮಾನ ಇರಲಿಲ್ಲವೆಂದಲ್ಲ. ಬಳ್ಳಾರಿಯ ಒಂದು ಹೋಟೆಲಿನ ಹಾಲ್‌ನಲ್ಲಿ ನಡೆದ ಎರಡು ದಿನದ ತರಬೇತಿಯಲ್ಲಿ ಎದ್ದು ನಿಂತು ಕೇಳಿದವಳು ಅವಳೊಬ್ಬಳೇ. ಇದು ಹಲ್ಲಿನ ಡಾಕ್ಟರರು ಮಾಡುವ ಕೆಲಸ ಅಲ್ಲವೇ ಎಂದು. ಹೈದರಾಬಾದಿನಿಂದ ಬಂದಿದ್ದ ತರಬೇತುದಾರ ನಕ್ಕು ತೆಲುಗಿನಲ್ಲಿ ಹೇಳಿದ್ದ: ಮುಖಕ್ಕೆ ಬ್ಲೀಚ್ ಹಚ್ಚುವಾಗ ಚರ್ಮದ ಡಾಕ್ಟರನ್ನು ಕರೆಯುತ್ತೀಯೇನಮ್ಮಾ? ಇದೂ ಬ್ಲೀಚೇ. ಹಾಲ್ ತುಂಬ ಇದ್ದ ಪಾರ್ಲರಿನ ಹೆಂಗಸರೆಲ್ಲ ನಕ್ಕರು. ಪಕ್ಕದಲ್ಲಿ ಕುಳಿತಿದ್ದ ಸಿರುಗುಪ್ಪದ ಜ್ಯೋತಿಲಕ್ಷ್ಮಿ ಅವಳ ಸೆರಗು ಹಿಡಿದು ಕೂರಿಸಿದಳು. ಆ ಎರಡು ದಿನದಲ್ಲಿ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುವಷ್ಟು ಗೆಳತಿಯರಾದರು. ಹೊರಡುವಾಗ ಕೈಗೊಂದು ಸರ್ಟಿಫಿಕೇಟು ಬಂತು. ಗುಲ್ನಾಜ್ ಅದಕ್ಕೆ ಗಾಜು ಹಾಕಿಸಿ ಪಾರ್ಲರಿನ ಗೋಡೆಗೆ ತೂಗುಹಾಕಿದಳು.

ದುಡ್ಡಿನ ಆಸೆಗೆ ಬಿದ್ದು ಮಾಡಿದಳು ಎಂದರೆ ಅರ್ಧ ಮಾತಾಗುತ್ತದೆ. ಆ ಕಡೆಯ ಕೆಲವು ಊರುಗಳಲ್ಲಿ ಬೋರಿನ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುತ್ತವೆ. ಎಷ್ಟು ತಿಕ್ಕಿದರೂ ಹೋಗುವ ಕಲೆಯಲ್ಲ ಅದು. ಅಂಥ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವುದನ್ನು, ಫೋಟೋದವನು ನಗಿರಿ ಎಂದರೆ ತುಟಿಯನ್ನಷ್ಟೇ ಎಳೆಯುವುದನ್ನು ಗುಲ್ನಾಜ್ ವರ್ಷಗಟ್ಟಲೆ ನೋಡಿದ್ದಳು. ನೀಲಿ ಬೆಳಕಿನ ಕೆಳಗಿಂದ ಎದ್ದ ಮೊದಲ ಹುಡುಗಿ ಕನ್ನಡಿಯ ಮುಂದೆ ನಿಂತು ಒಂದು ಸಲ ನಕ್ಕಳು, ನಂಬಿಕೆ ಬರದೆ ಮತ್ತೊಂದು ಸಲ ನಕ್ಕಳು, ಆಮೇಲೆ ಅತ್ತಳು. ಆ ದಿನ ಗುಲ್ನಾಜ್ ಮನೆಗೆ ಹೋಗಿ ತಂದೆಗೆ ಅದನ್ನೇ ನಾಲ್ಕು ಸಲ ಹೇಳಿದಳು. ಮೂರು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಹುಡುಗಿಯರಿಗೆ ಹಾಗೆ ಮಾಡಿದಳು. ಯಾರೂ ತಿರುಗಿ ಬಂದು ದೂರಲಿಲ್ಲ. ದೂರು ಬರಲಿಲ್ಲವೆಂದರೆ ಎಲ್ಲವೂ ಸರಿಯಾಗಿದೆ ಎಂದೇ ಅವಳು ತಿಳಿದಿದ್ದಳು.

ಬಾದನಹಟ್ಟಿಯ ಅಕ್ಷತಾ ಬಂದದ್ದು ಹೋದ ವರ್ಷದ ಬೇಸಿಗೆಯಲ್ಲಿ, ಮದುವೆಗೆ ಇನ್ನು ಆರೇ ದಿನ ಇರುವಾಗ. ಜೊತೆಗೆ ತಾಯಿ ಕೊಟ್ರಬಸಮ್ಮ. ಅಕ್ಷತಾ ಊರಿನ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಎತ್ತರದ, ಚುರುಕು ಕಣ್ಣಿನ ಹುಡುಗಿ. ಗಂಡಿನ ಕಡೆಯವರು ಸಿರುಗುಪ್ಪದವರು. ಹುಡುಗನ ಹೆಸರು ಜಂಬುನಾಥ, ಅಕ್ಕಿ ಗಿರಣಿಯಲ್ಲಿ ಮ್ಯಾನೇಜರ್.

"ನೋಡಾಕ ಬಂದಾಗ ಈಕಿ ಬಾಯಿ ತೆರೀಲೇ ಇಲ್ರಿ," ಎಂದಳು ಕೊಟ್ರಬಸಮ್ಮ. "ಮದುವ್ಯಾಗಾದ್ರೂ ನಗಲಿ ಅಂತ ನಮ್ಮ ಆಸೆ."

ಆ ಸೋಮವಾರವೇ ಗುಲ್ನಾಜ್ ಮೊದಲ ಸಲ ಮಾಡಿದಳು. ಕಂದು ಬಣ್ಣವೇನೋ ತಿಳಿಯಾಯಿತು, ಆದರೆ ನಡುನಡುವೆ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆಗಳು ಎದ್ದು ಕಂಡವು. ಕೊಟ್ರಬಸಮ್ಮ ಮಗಳ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, "ಇದೇನ್ರಿ, ಮೊದಲಿಗಿಂತ ಪಟ್ಟಿಪಟ್ಟಿ ಆತಲ್ರಿ," ಎಂದಳು. ಇನ್ನೊಂದು ಸಲ ಮಾಡಿದರೆ ಸಮ ಆಗುತ್ತದೆ, ಬುಧವಾರ ಬನ್ನಿ ಎಂದಳು ಗುಲ್ನಾಜ್. ಸಮ ಆಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆಗಬೇಕು ಎಂದುಕೊಂಡಳು, ಅಷ್ಟೆ.

ಬುಧವಾರ ಬೆಳಿಗ್ಗೆ ನೋಡಿದರೆ ವಸಡಿಗೆ ಬಳಿಯುವ ಲೇಪ ಮುಗಿದಿತ್ತು. ಜೆಲ್ ವಸಡಿಗೆ ತಾಗದಂತೆ ಮೊದಲು ಬಳಿದು ಗಟ್ಟಿ ಮಾಡುವ ಲೇಪ ಅದು. ಅದಿಲ್ಲದೆ ಜೆಲ್ ಮುಟ್ಟಬೇಡಿ ಎಂದು ತರಬೇತುದಾರನೂ ಹೇಳಿದ್ದ. ತರಿಸಿದ್ದ ಪಾರ್ಸೆಲ್ ಬಂದಿರಲಿಲ್ಲ. ತಾಯಿ ಮಗಳು ಬಾದನಹಟ್ಟಿಯಿಂದ ಬಂದು ಮೆಟ್ಟಿಲು ಹತ್ತುತ್ತಿರುವ ಸದ್ದು ಕೇಳಿತು. ಗುಲ್ನಾಜ್ ಲೇಪದ ಬದಲಿಗೆ ವ್ಯಾಸಲೀನಿನ ಡಬ್ಬಿ ಎತ್ತಿಕೊಂಡಳು.

ಮೇಲಿನ ಸಾಲಿನ ಎಡಗಡೆ, ಕೋರೆಹಲ್ಲಿನ ಪಕ್ಕದ ಹಲ್ಲಿನ ಸಂದಿಯಲ್ಲಿ ಒಂದು ಕಪ್ಪು ಚುಕ್ಕೆ ಇದ್ದದ್ದೂ ಅವಳ ಕಣ್ಣಿಗೆ ಬಿದ್ದಿತ್ತು. ಇಷ್ಟು ಕಲೆಗಳ ನಡುವೆ ಅದೂ ಒಂದು ಕಲೆ ಎಂದುಕೊಂಡು ಅಲ್ಲಿ ಸ್ವಲ್ಪ ಹೆಚ್ಚೇ ಜೆಲ್ ಹಚ್ಚಿದಳು. ನಡುವೆ ಅಕ್ಷತಾ ಕೈ ಎತ್ತಿದಳು. ಬಾಯಿ ಅಗಲಿಸುವ ಕ್ಲಿಪ್ಪು ಹಾಕಿದ್ದರಿಂದ ಮಾತು ಆಡಲು ಬರುವಂತಿರಲಿಲ್ಲ. "ಸ್ವಲ್ಪ ಚುರುಚುರು ಅಂತೈತಿ, ತಡಕೋ ತಂಗಿ, ಇನ್ನ ಹತ್ತ ನಿಮಿಷ," ಎಂದು ಗುಲ್ನಾಜ್ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಹುಡುಗಿಯ ಉಗುರುಗಳು ಅವಳ ಅಂಗೈಗೆ ನಾಟಿದವು.

ಸಂಜೆ ಫೋನ್ ಬಂತು. ವಸಡು ಬೆಳ್ಳಗೆ ಸುಲಿದಿದೆ, ಎಡಗಡೆ ಕಿವಿಯವರೆಗೂ ಸಿಡಿಯುತ್ತಿದೆ ಎಂದಳು ಕೊಟ್ರಬಸಮ್ಮ. ಗುಲ್ನಾಜ್ ತರಬೇತುದಾರನಿಗೆ ಫೋನ್ ಹಚ್ಚಿದಳು. ಇದು ಮಾಮೂಲು, ಒಂದು ದಿನದಲ್ಲಿ ಹೋಗುತ್ತದೆ, ನೋವಿನ ಮಾತ್ರೆ ಕೊಡಿ ಎಂದು ಅವನು ಇಟ್ಟುಬಿಟ್ಟ. ಅವಳು ಅದನ್ನೇ ಬಾದನಹಟ್ಟಿಗೆ ದಾಟಿಸಿದಳು. ಗುರುವಾರ ಪೂರ್ತಿ ಹಾಗೇ ಹೋಯಿತು. ಬೆಳಿಗ್ಗೆ ಕೇಳಿದರೂ ನೋವು, ಮಧ್ಯಾಹ್ನ ಕೇಳಿದರೂ ನೋವು. ಸಂಜೆ ಪಾರ್ಲರಿಗೆ ಬೀಗ ಹಾಕಿ ಸ್ಕೂಟಿಯಲ್ಲಿ ಅವಳೇ ಬಾದನಹಟ್ಟಿಗೆ ಹೋದಳು. ಮನೆಯ ಮುಂದೆ ಹಂದರ ಹಾಕುತ್ತಿದ್ದರು. ಒಳಗೆ ಅಕ್ಷತಾ ಗೋಡೆಗೆ ತಲೆ ಆನಿಸಿ ಕುಳಿತಿದ್ದಳು. ಕೆನ್ನೆ ಬಾತಿತ್ತು. ಗುಲ್ನಾಜಳನ್ನು ಕಂಡು ಏಳಲು ಹೋದಳು, ಆಗಲಿಲ್ಲ.

"ಗುಲ್ನಾಜಕ್ಕಾ, ನೀರು ಕುಡ್ಯಾಕೂ ಬರವಲ್ದು," ಎಂದಳು.

ಗುಲ್ನಾಜ್ ಮನೆಗೆ ಬಂದು ತಂದೆಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದಳು, ವ್ಯಾಸಲೀನಿನ ಮಾತನ್ನೂ ಬಿಡದೆ. ಪೀರಸಾಬರು ಬೈಯುತ್ತಾರೆಂದುಕೊಂಡಿದ್ದಳು. ಅವರು ಬೈಯಲಿಲ್ಲ. "ಮುಂಜಾನೆ ಮೊದಲನೇ ಬಸ್ಸಿಗೆ ಬಳ್ಳಾರಿಗೆ ಕರಕೊಂಡು ಹೋಗು," ಎಂದರು. "ಡಾಕ್ಟರಿಗೆ ಇದ್ದದ್ದು ಇದ್ದಂಗ ಹೇಳು. ಅರ್ಧ ಹೇಳಿದ್ರ ಔಷಧಾನೂ ಅರ್ಧ ಆಗ್ತೈತಿ."

ಡಾಕ್ಟರ್ ದಾಕ್ಷಾಯಣಿಯವರ ಹಲ್ಲಿನ ದವಾಖಾನೆ ಬಳ್ಳಾರಿಯ ಒಂದು ಗದ್ದಲದ ಬೀದಿಯಲ್ಲಿತ್ತು. ಐವತ್ತರ ಹೆಂಗಸು, ಗಿಡ್ಡ ಮೈಕಟ್ಟು, ನೇರ ಮಾತು. ಅಕ್ಷತಾಳ ಬಾಯಿಯೊಳಗೆ ದೀಪ ಹಿಡಿದು ನೋಡಿದರು. "ಇದಕ್ಕ ಯಾರು ಏನು ಹಚ್ಯಾರ?" ಎಂದು ಕೇಳಿದರು.

ಕೊಟ್ರಬಸಮ್ಮ ತಲೆ ತಗ್ಗಿಸಿದಳು. ಮದುವೆಗೆ ಮುಂಚೆ ಹುಡುಗಿಯ ಹಲ್ಲಿಗೆ ಏನೋ ಮಾಡಿಸಿದರು ಎಂಬ ಸುದ್ದಿ ಸಿರುಗುಪ್ಪ ಮುಟ್ಟೀತೆಂಬ ಹೆದರಿಕೆ ಅವಳಿಗೆ. "ಹಲ್ಲು ನೋಯ್ತೈತಿ ಅಂತಿದ್ಳು," ಎಂದಷ್ಟೇ ಅಂದಳು. ಗುಲ್ನಾಜ್ ಸುಮ್ಮನಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಡಾಕ್ಟರು ಅವಳನ್ನು ಹುಡುಗಿಯ ಸಂಬಂಧಿಯೆಂದೇ ತಿಳಿದಿದ್ದರು.

"ನಾನು ಹಚ್ಚೀನ್ರಿ ಮೇಡಂ," ಎಂದಳು. "ಕುರುಗೋಡದಾಗ ಪಾರ್ಲರ್ ಐತಿ ನಂದು. ಬೆಳ್ಳಗ ಮಾಡೋ ಜೆಲ್. ವಸಡಿಗೆ ಹಚ್ಚೋ ಲೇಪ ಖಾಲಿ ಆಗಿತ್ತು. ವ್ಯಾಸಲೀನ್ ಹಚ್ಚಿ ಮಾಡಿದೆ." ಚೀಲದಿಂದ ಜೆಲ್ಲಿನ ಸಿರಿಂಜು ತೆಗೆದು ಮೇಜಿನ ಮೇಲಿಟ್ಟಳು.

ಕೊಟ್ರಬಸಮ್ಮ ಬೆಚ್ಚಿ ಅವಳ ಕಡೆ ತಿರುಗಿದಳು. ಲೇಪದ ಮಾತು ಅವಳಿಗೆ ಗೊತ್ತಾದದ್ದು ಆಗಲೇ.

ಡಾಕ್ಟರು ಸಿರಿಂಜನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದರ ಮೇಲೆ ಔಷಧ ಎಷ್ಟು ತೀಕ್ಷ್ಣ ಎಂಬ ಲೆಕ್ಕವೂ ಇರಲಿಲ್ಲ, ಮಾಡಿದವರ ಹೆಸರೂ ಇರಲಿಲ್ಲ. ಅವರು ಗುಲ್ನಾಜಳನ್ನು ಹತ್ತಿರ ಕರೆದು, ಸಣ್ಣ ಕನ್ನಡಿಯಲ್ಲಿ ಆ ಎಡಗಡೆಯ ಹಲ್ಲನ್ನು ತೋರಿಸಿದರು.

"ಇದು ಏನು ಹೇಳು?"

"ಕಲೆ ಅಂದ್ಕೊಂಡಿದ್ದೆ ಮೇಡಂ."

"ಕಲೆ ಅಲ್ಲ, ಹುಳುಕು. ಒಳಗ ನರದ ತನಕ ಹೋಗೇತಿ. ನೀನು ಆ ತೂತಿನಾಗ ಜೆಲ್ ತುಂಬಿ ಮ್ಯಾಲೆ ಬೆಳಕು ಬಿಟ್ಟೀದಿ."

"ಎರಡೂ ಒಂದೇ ಥರ ಕಂಡ್ವು ಮೇಡಂ. ನನಗ ಗೊತ್ತಾಗಲಿಲ್ಲ."

"ಅದ ನೋಡು ಮಾತು. ಗೊತ್ತಾಗಲಿಲ್ಲ! ಅದನ್ನ ಗೊತ್ತು ಮಾಡಿಕೊಳ್ಳಾಕ ನಾನು ಐದು ವರ್ಷ ಓದೀನಿ. ನೀನು ಎಷ್ಟು ದಿನ ಕಲ್ತಿ?"

"ಎರಡು ದಿನ."

ಡಾಕ್ಟರು ಸೂಜಿ ಚುಚ್ಚಿ ಮರಗಟ್ಟಿಸಿ, ಹಲ್ಲನ್ನು ಕೊರೆದು ಒಳಗಿನ ನರ ತೆಗೆದು, ಸುಟ್ಟ ವಸಡಿಗೆ ಮುಲಾಮು ಹಚ್ಚಿದರು. ನೋವು ಇಳಿಯುತ್ತದೆ, ವಸಡು ಮಾಯಲು ಎರಡು ವಾರ ಬೇಕು, ಅಲ್ಲಿಯವರೆಗೆ ಖಾರ ಇಲ್ಲ, ಬಿಸಿ ಇಲ್ಲ, ಬಾಯಿ ಅಗಲಿಸಿ ನಗುವುದೂ ಇಲ್ಲ ಎಂದರು. ಮದುವೆ ಭಾನುವಾರ ಎಂದು ಕೊಟ್ರಬಸಮ್ಮ ಹೇಳಿದಾಗ ಅವರು ಕೈಗವಸು ಕಳಚುತ್ತ ನಿಟ್ಟುಸಿರು ಬಿಟ್ಟರು.

ತಾಯಿ ಮಗಳು ಹೊರಗೆ ಕೂತ ಮೇಲೆ ಗುಲ್ನಾಜ್ ಬಾಗಿಲಲ್ಲಿ ತಿರುಗಿ ನಿಂತಳು. ಕೇಳಬಾರದೆಂದುಕೊಂಡರೂ ಕೇಳಿಯೇಬಿಟ್ಟಳು. "ನಿಮ್ಮ ಕಡೆ ಮೊದಲ ಬಂದಿದ್ರ ಈಕಿ ಹಲ್ಲು ಬೆಳ್ಳಗ ಮಾಡಿ ಕೊಡ್ತಿದ್ರೇನ್ರಿ?"

"ಮದುವಿ ವಾರದಾಗ ಮುಟ್ಟತಿದ್ದಿಲ್ಲ. ಹುಳುಕು ಮುಚ್ಚಿ ಮನಿಗೆ ಕಳಸ್ತಿದ್ದೆ."

"ಅಂದ್ರ ಅದ ಕಂದು ಹಲ್ಲಿನಾಗ ಮದುವಿ ಆಗ್ತಿತ್ತು."

"ಹೌದು. ಕಂದು ಹಲ್ಲಿನಾಗ ಮದುವಿ ಆಗ್ತಿತ್ತು. ಹುಡುಗಿ ಹೋಳಿಗಿ ಉಣ್ತಿದ್ಳು."

ಗುಲ್ನಾಜಳಿಗೆ ಹೇಳಬೇಕಾದ್ದು ಇನ್ನೊಂದಿತ್ತು. "ನಮ್ಮ ಕಡೆ ಹುಡುಗ್ಯಾರು ಬಳ್ಳಾರಿ ತನಕ ಬರಂಗಿಲ್ಲ ಮೇಡಂ. ದವಾಖಾನಿ ಅಂದ್ರ ಹೆದರ್ತಾರ. ಯಾರಾದ್ರೂ ಕಂಡ್ರ ಏನ್ ರೋಗ ಅಂತಾರಂತ ಅವರ ಅವ್ವಂದಿರು ಬಿಡಂಗಿಲ್ಲ. ನನ್ನ ಕಡೆ ಹುಬ್ಬಿಗೆ ಬಂದಂಗ ಬರ್ತಾರ."

"ಅವರು ನನ್ನ ಕಡೆ ಬರಂಗಿಲ್ಲ ಅಂತ ನೀನು ಅವರ ಬಾಯಾಗ ಕೈ ಹಾಕಬಹುದಂತಿಯೇನು?" ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟು ಇಳಿದಿತ್ತು, ದಣಿವು ಮಾತ್ರ ಉಳಿದಿತ್ತು. "ಪಾರ್ಲರಿನಾಗ ಇದನ್ನ ನಿಲ್ಲಸ್ರಿ ಅಂತ ಆರೋಗ್ಯ ಇಲಾಖೆಗೆ ನಾ ಎಷ್ಟು ಸಲ ಅರ್ಜಿ ಕೊಟ್ಟೀನಿ ಗೊತ್ತೇನು? ಪ್ರತಿ ಸಲ, ಯಾರಿಗೇನಾಗೇತಿ ತೋರ್ಸ್ರಿ ಅಂತಾರ. ಯಾರೂ ಮುಂದ ಬರಂಗಿಲ್ಲ. ಮಾಡಿದವರಂತೂ ಬರೋದೇ ಇಲ್ಲ."

ವಾಪಸು ಬರುವ ಬಸ್ಸಿನಲ್ಲಿ ಕೊಟ್ರಬಸಮ್ಮ ಮಗಳನ್ನು ಕಿಟಕಿಯ ಕಡೆ ಕೂರಿಸಿ, ತಾನು ನಡುವೆ ಕುಳಿತಳು. ಕುರುಗೋಡಿನಲ್ಲಿ ಇಳಿಯುವ ಮುಂಚೆ ಹೇಳಿದಳು: "ಮದುವಿ ದಿನ ಸಿಂಗಾರಕ್ಕ ಬ್ಯಾರೆಯವರಿಗೆ ಹೇಳ್ತೀವ್ರಿ. ನೀವು ಬರಬ್ಯಾಡ್ರಿ." ಅಕ್ಷತಾ ತಾಯಿಯ ತೋಳು ಹಿಡಿದು ಏನೋ ಹೇಳಲು ಹೋದಳು. ಮರಗಟ್ಟಿದ ತುಟಿಯಿಂದ ಮಾತು ಹೊರಡಲಿಲ್ಲ.

ಭಾನುವಾರ ಗುಲ್ನಾಜ್ ಪಾರ್ಲರ್ ತೆರೆಯಲಿಲ್ಲ. ಮಾರನೆಯ ದಿನ ಮೊದಲು ಮಾಡಿದ ಕೆಲಸವೆಂದರೆ ಗೋಡೆಯ ಮೇಲಿನ ಸರ್ಟಿಫಿಕೇಟು ಇಳಿಸಿದ್ದು. ಆಮೇಲೆ ಹುಡುಗಿಯರ ಹೆಸರು, ದಿನ, ಫೋನ್ ನಂಬರು ಬರೆದಿಡುತ್ತಿದ್ದ ನೋಟ್‌ಬುಕ್ಕು ತೆರೆದು ಕುಳಿತಳು. ಹಲ್ಲಿನ ಕೆಲಸ ಮಾಡಿಸಿಕೊಂಡವರ ಹೆಸರುಗಳನ್ನು ಬೇರೆ ಹಾಳೆಗೆ ಇಳಿಸಿಕೊಂಡಳು. ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಬೇಕೆಂದು ಹಟ ಹಿಡಿದಿದ್ದಳು. ಮಗಳ ಮುಖ ನೋಡಿ ಒಬ್ಬಳನ್ನೇ ಬಿಡಲು ಮನಸ್ಸಾಗದೆ ಪೀರಸಾಬರು ಹಗ್ಗ ಹಿಡಿದು ಮೆಟ್ಟಿಲು ಹತ್ತಿ ಬಂದು, ಮದುಮಕ್ಕಳು ಕೂರುವ ಕುರ್ಚಿಯಲ್ಲಿ ಕುಳಿತರು.

ಮೊದಲ ನಾಲ್ಕೈದು ಜನ ಹೊಗಳಿದರು. ಒಬ್ಬಳಂತೂ ತಂಗಿಯನ್ನು ಯಾವಾಗ ಕಳಿಸಲಿ ಎಂದು ಕೇಳಿದಳು. ಕಳಿಸಬೇಡ, ಇನ್ನು ಮಾಡುವುದಿಲ್ಲ ಎಂದಾಗ ಆಕೆಗೆ ಬೇಸರವೇ ಆಯಿತು. ಆಮೇಲೆ ಬೇರೆ ಮಾತುಗಳು ಬರತೊಡಗಿದವು. ಅವತ್ತಿನಿಂದ ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ, ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ ಎಂದಳೊಬ್ಬಳು. ನಾಲ್ಕು ತಿಂಗಳಿಗೆ ಕಲೆ ಮತ್ತೆ ಬಂತು, ಕೇಳಲು ನಾಚಿಕೆಯಾಯಿತು ಎಂದಳು ಇನ್ನೊಬ್ಬಳು. ಹಚ್ಚೊಳ್ಳಿಗೆ ಮದುವೆಯಾಗಿ ಹೋದವಳೊಬ್ಬಳು "ಒಂದು ಹಲ್ಲು ಕೀಳಿಸಿದೆ ಅಕ್ಕಾ," ಎಂದಳು.

"ನನಗ ಯಾಕ ಹೇಳಲಿಲ್ಲ ನೀನು?"

"ನೀವು ಅಷ್ಟು ಪ್ರೀತಿಲೆ ಮಾಡಿದ್ರಿ. ಹೇಳಿದ್ರ ಮನಸಿಗೆ ಹಚ್ಕೊಂತೀರಿ ಅಂತ."

ಗುಲ್ನಾಜ್ ಫೋನ್ ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟಳು. ಮೂರು ವರ್ಷ ಯಾರೂ ದೂರದೆ ಇದ್ದದ್ದರ ಅರ್ಥ ಅವಳಿಗೆ ತಿಳಿದದ್ದು ಆಗ. ಪೀರಸಾಬರು ಎದ್ದು ನೀರು ತಂದುಕೊಟ್ಟರು. "ಇನ್ನ ಎಷ್ಟು ಮಂದಿ ಅದಾರ?" ಎಂದರು. "ಬಾಳ ಮಂದಿ," ಎಂದಳು. "ಹಚ್ಚು," ಎಂದರು ಅವರು. ಮೂರು ದಿನ ಹಿಡಿಯಿತು. ಏಳು ನಂಬರುಗಳು ಕೊನೆಗೂ ಹತ್ತಲಿಲ್ಲ.

ಆ ವಾರವೇ ಅವಳು ಡಾಕ್ಟರ್ ದಾಕ್ಷಾಯಣಿಯವರಿಗೆ ಫೋನ್ ಮಾಡಿ, ಅರ್ಜಿಯ ಜೊತೆ ನನ್ನ ಹೇಳಿಕೆಯನ್ನೂ ಸೇರಿಸಿ ಎಂದಳು. ಸುದ್ದಿ ಹೇಗೋ ಸಿರುಗುಪ್ಪದ ಪಾರ್ಲರಿನವರ ಕಿವಿಗೆ ಬಿತ್ತು. ಜ್ಯೋತಿಲಕ್ಷ್ಮಿ ಮರುದಿನ ಮಧ್ಯಾಹ್ನವೇ ಬಂದು ನಿಂತಳು. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವ ಮುಂಚೆಯೇ ಮಾತು ಶುರುವಾಯಿತು.

"ನಿನ್ನ ಕೈ ತಪ್ಪಿದ್ರ ನೀನು ಬಿಡು. ಎಲ್ಲಾರ ಹೊಟ್ಟಿ ಮ್ಯಾಲೆ ಯಾಕ ಹೊಡೀತಿ? ಗಂಡ ಬಿಟ್ಟು ಹೋದ ಮ್ಯಾಲೆ ಇದರಾಗ ಎರಡು ಮಕ್ಕಳನ್ನ ಓದಿಸಾಕ ಹತ್ತೀನಿ ನಾನು."

"ನನ್ನ ಕೈ ತಪ್ಪಿದ್ದು ಒಂದಲ್ಲ ಜ್ಯೋತಿ. ಫೋನ್ ಮಾಡಿದ ಮ್ಯಾಲೆ ಗೊತ್ತಾತು. ನೀನೂ ಮಾಡಿ ನೋಡು."

"ಡಾಕ್ಟರ ಕೈ ತಪ್ಪಂಗಿಲ್ಲೇನು?"

"ತಪ್ತೈತಿ. ಆದ್ರ ತಪ್ಪಿದ ಮ್ಯಾಲೆ ಏನು ಮಾಡಬೇಕಂತ ಅವರಿಗೆ ಗೊತ್ತೈತಿ. ನನಗ ಗೊತ್ತಿದ್ದಿಲ್ಲ. ಒಂದು ದಿನ ಪೂರ್ತಿ ಆ ಹುಡುಗೀನ ಮಾತ್ರಿ ಮ್ಯಾಲೆ ಕೂರಿಸಿದ್ದೆ."

"ಇವತ್ತು ಹಲ್ಲು ಮುಟ್ಟಬ್ಯಾಡ ಅಂತಾರ, ನಾಳೆ ಮುಖಾನೂ ಮುಟ್ಟಬ್ಯಾಡ ಅಂತಾರ. ಆವಾಗ ಏನ್ ಮಾಡ್ತಿ?"

ಗೆರೆ ಎಲ್ಲಿ ಎಳೆಯಬೇಕೆಂಬುದು ಗುಲ್ನಾಜಳಿಗೂ ತಿಳಿಯದು. ಹಲ್ಲಿನ ಈಚೆಗೆ ಎಲ್ಲೋ ಎಂಬುದಷ್ಟೇ ಖಾತ್ರಿ. ಜ್ಯೋತಿಲಕ್ಷ್ಮಿ ತನ್ನ ಮುಂದಿದ್ದ ಚಹಾ ಮುಟ್ಟದೆ ಎದ್ದು ಹೋದಳು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಹೇಳಿಕೆಯನ್ನು ಗುಲ್ನಾಜ್ ತನ್ನ ಕೈಯಾರೆ ಬರೆದಳು. ಏನು ಹಚ್ಚಿದೆ, ಏನು ಹಚ್ಚಲಿಲ್ಲ, ಎಷ್ಟು ದಿನ ಕಲಿತೆ, ಯಾರ್‍ಯಾರಿಗೆ ಏನಾಯಿತು, ಒಂದನ್ನೂ ಬಿಡಲಿಲ್ಲ. ಹುಡುಗಿಯರ ಹೆಸರು ಮಾತ್ರ ಬರೆಯಲಿಲ್ಲ. ಕೊನೆಗೆ ಒಂದು ಮಾತು ಸೇರಿಸಿದಳು: ಪಾರ್ಲರಿನಲ್ಲಿ ಇದನ್ನು ನಿಲ್ಲಿಸಿದರೆ ಸಾಲದು, ಈ ಹುಡುಗಿಯರ ಬಾಯಿ ನೋಡಲು ಹಲ್ಲಿನ ಡಾಕ್ಟರೊಬ್ಬರು ಕುರುಗೋಡಿಗೆ ವಾರಕ್ಕೊಮ್ಮೆಯಾದರೂ ಬರಬೇಕು. ಅಧಿಕಾರಿಗಳು ಅವಳನ್ನು ಎರಡು ಸಲ ಕರೆಸಿ, ಹೊರಗಿನ ಬೆಂಚಿನ ಮೇಲೆ ಕಾಯಿಸಿ, ಯಂತ್ರವನ್ನೂ ಉಳಿದ ಜೆಲ್ಲನ್ನೂ ಇಟ್ಟುಕೊಂಡು ರಶೀದಿ ಕೊಟ್ಟರು. ಮತ್ತೆ ಹಾಗೆ ಮಾಡುವುದಿಲ್ಲವೆಂದು ಬರೆಸಿಕೊಂಡರು. ಕೆಲವು ಪಾರ್ಲರುಗಳಿಗೆ ನೋಟಿಸು ಹೋಯಿತು. ಆಮೇಲೆ ಬಾಗಿಲು ಹಾಕಿಕೊಂಡು ಮಾಡುತ್ತಾರೆಂಬ ಮಾತು ಕೇಳಿಬಂತು. ಡಾಕ್ಟರ ವಿಷಯ, ನೋಡೋಣ ಎಂದರು. ಇನ್ನೂ ನೋಡುತ್ತಲೇ ಇದ್ದಾರೆ.

ಮದುವೆಯಾಗಿ ಆರು ತಿಂಗಳಿಗೆ ಅಕ್ಷತಾ ತವರಿಗೆ ಬಂದವಳು ಒಬ್ಬಳೇ ಪಾರ್ಲರಿಗೆ ಬಂದಳು. ವಸಡು ಮಾಯಿತ್ತು, ಒಂದು ಕಡೆ ಸ್ವಲ್ಪ ಮೇಲಕ್ಕೆ ಸರಿದಿತ್ತು. ಎಡಗಡೆಯ ಹಲ್ಲಿಗೆ ಡಾಕ್ಟರರ ಹತ್ತಿರ ಕ್ಯಾಪ್ ಹಾಕಿಸಿದ್ದಳು. ಗುಲ್ನಾಜ್ ಕುರ್ಚಿ ಎಳೆದಳು.

"ನೋವು ಐತೇನು?"

"ನೋವು ಇಲ್ಲಕ್ಕ. ನಮ್ಮತ್ತಿ ಮಾತಾಡವಲ್ರು." ಅಕ್ಷತಾ ಕೈ ಹಿಸುಕಿಕೊಂಡಳು. "ಮದುವಿ ಫೋಟೋದಾಗ ಒಂದರಾಗೂ ನಾನು ನಕ್ಕಿಲ್ಲ. ಊಟಕ್ಕ ಕುಂತಾಗ ಅತ್ತಿ ತುತ್ತು ಮಾಡಿ ಬಾಯಿಗಿಟ್ರು, ನಾನು ಮುಖ ತಿರುವಿದೆ. ಖಾರ ಇತ್ತು ಅಕ್ಕಾ, ಜೀವ ಹೋದಂಗ ಆತು. ಈ ಹುಡುಗಿಗೆ ನಮ್ಮ ಮನಿ ಮನಸಿಲ್ಲ, ಒತ್ತಾಯಕ್ಕ ಬಂದಾಳ ಅಂತ ಅವರು ಅಂದ್ಕೊಂಡಾರ. ನಮ್ಮ ಮನಿಯವರೂ ಒಂದೊಂದು ಸಲ ಹಂಗ ನೋಡ್ತಾರ."

"ಇದ್ದದ್ದು ಹೇಳಬೇಕಿತ್ತಲ್ಲ ತಂಗಿ."

"ಅವ್ವ ಆಣಿ ಹಾಕಿಸಿದ್ಳು. ಈಗ ಹೇಳಿದ್ರ, ಇಷ್ಟು ದಿನ ಯಾಕ ಮುಚ್ಚಿಟ್ಟಿ ಅಂತಾರ."

"ನೀನು ಹೇಳಬ್ಯಾಡ. ನಾನು ಬಂದು ಹೇಳ್ತೀನಿ. ನೀನು ಹೂಂ ಅಂದ್ರ ಅಷ್ಟ, ಇಲ್ಲಂದ್ರ ಇಲ್ಲ," ಎಂದಳು ಗುಲ್ನಾಜ್. ಅಕ್ಷತಾ ಗಂಡನ ಮನೆಗೆ ಮರಳಿ, ಮೂರನೆಯ ದಿನ ಬರ್ರಿ ಎಂದು ಫೋನ್ ಮಾಡಿದಳು.

ಸಿರುಗುಪ್ಪದ ಆ ಮನೆಯಲ್ಲಿ ಜಂಬುನಾಥ ಗಿರಣಿಗೆ ಹೋಗಿದ್ದ. ಅವನ ತಾಯಿ ಮೀನಾಕ್ಷಮ್ಮ ಪಡಸಾಲೆಯಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಅಕ್ಷತಾ ಒಳಗೆ ಅಡುಗೆಮನೆಯಲ್ಲಿ. ಗುಲ್ನಾಜ್ ಯಾರೆಂದು ಹೇಳಿಕೊಂಡು, ಮೊರದ ಆಚೆ ಚಾಪೆಯ ಮೇಲೆ ಕುಳಿತು, ಸೋಮವಾರದಿಂದ ಶುರುಮಾಡಿ ಭಾನುವಾರದವರೆಗೂ ಹೇಳಿದಳು. ಮೀನಾಕ್ಷಮ್ಮನ ಬೆರಳುಗಳು ಬೇಳೆಯ ಮೇಲೆ ಹಾಗೇ ನಿಂತವು.

"ಹಲ್ಲು ಸುಟ್ಟಿದ್ದು ನೀವೇನು?"

"ನಾನ ರೀ. ಆಕಿ ಕೈ ಎತ್ತಿ ಬ್ಯಾಡ ಅಂದ್ರೂ ನಾನು ಬಿಡಲಿಲ್ಲ. ಬೈಯೋದಿದ್ರ ನನಗ ಬೈರಿ."

ಮೀನಾಕ್ಷಮ್ಮ ಬೈಯಲಿಲ್ಲ. "ನಾವು ನೋಡಾಕ ಹೋದಾಗ ಆಕಿ ಹಲ್ಲು ನಾ ನೋಡೀನವ್ವಾ," ಎಂದರು ಮೆಲ್ಲಗೆ. "ಬಾಯಿಗೆ ಕೈ ಹಿಡಿದ್ರ ಕಾಣಂಗಿಲ್ಲೇನು? ನಮ್ಮ ತಂಗಿ ಮಕ್ಕಳಿಗೂ ಹಂಗ ಅದಾವು. ಅದನ್ನ ನಾವು ಯಾರೂ ಮಾತಾಡಲೇ ಇಲ್ಲ. ಆ ಹಲ್ಲಿಗೋಸ್ಕರ ಇಷ್ಟು ಮಾಡಿಸಿಕೊಂಡ್ಳಾ ಹುಡುಗಿ?"

ಗುಲ್ನಾಜ್ ತಲೆಯಾಡಿಸಿದಳು.

"ಆರು ತಿಂಗಳಾತು ನಾನು ಆಕಿನ್ನ ಹೆಸರು ಹಿಡಿದು ಕರೆದಿಲ್ಲ," ಎಂದರು ಮೀನಾಕ್ಷಮ್ಮ. ಮೊರವನ್ನು ಪಕ್ಕಕ್ಕೆ ಸರಿಸಿ, ಮೊಣಕಾಲಿಗೆ ಕೈಕೊಟ್ಟು ಎದ್ದರು. ಗುಲ್ನಾಜಳಿಗೆ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, "ಅಕ್ಷತಾ," ಎಂದು ಕರೆದರು. ಒಳಗೆ ಪಾತ್ರೆಯ ಸದ್ದು ನಿಂತಿತು.

ಗುಲ್ನಾಜ್ ಅಲ್ಲಿರುವುದು ಸರಿಯಲ್ಲವೆಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಳು. ಕುರುಗೋಡಿನ ಬಸ್ಸಿಗೆ ಇನ್ನೂ ಮುಕ್ಕಾಲು ತಾಸು ಇತ್ತು.